ಬೇಡವೆಂದ ಮಾಸಾಶನ

ವಸೂಲಿ ನೋಟೀಸಿಗೆ ಮೂರು ಪ್ರತಿ ಮಾಡಬೇಕು. ಒಂದು ಬಾಕಿದಾರರ ಕೈಗೆ, ಒಂದು ಕಡತಕ್ಕೆ, ಬಾಕಿದಾರರು ಮನೆಯಲ್ಲಿ ಸಿಗದಿದ್ದರೆ ಬಾಗಿಲಿಗೆ ಅಂಟಿಸಲು ಮೂರನೆಯದು. ಆ ವರ್ಷ ಆಡಿಟ್ ಮುಗಿದ ಮೇಲೆ ನಾನು ಒಂದೇ ವಾರದಲ್ಲಿ ಇಂಥ ಹನ್ನೊಂದು ನೋಟೀಸು ಬರೆದೆ. ಕಾರ್ಬನ್ ಹಾಳೆ ಸವೆದಿದ್ದರಿಂದ ಮೂರನೆಯ ಪ್ರತಿ ಸರಿಯಾಗಿ ಮೂಡುತ್ತಿರಲಿಲ್ಲ. ಅದರ ಮೇಲೆ ಮತ್ತೆ ಪೆನ್ನು ಆಡಿಸಿ ಅಕ್ಷರ ದಪ್ಪ ಮಾಡುತ್ತಿದ್ದೆ. ಹೆಸರುಗಳನ್ನು ತಪ್ಪಿಲ್ಲದೆ ಬರೆದೆ. ಆ ಹೆಸರಿನವರು ಯಾರು ಎಂದು ಯೋಚಿಸಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತ, ಸಿಂಧನೂರಿನಲ್ಲಿ ಬಾಡಿಗೆ ಮನೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದವರು ಕೆಲವರು ಇನ್ನೂ ಇದ್ದಾರೆ, ಇದರಲ್ಲಿ ತಪ್ಪು ಅವರದಲ್ಲ. ನನ್ನ ಮೇಜಿಗೆ ಬರುತ್ತಿದ್ದದ್ದು ವೃದ್ಧರ, ವಿಧವೆಯರ, ಅಂಗವಿಕಲರ ಮಾಸಾಶನದ ಕಾಗದಗಳು. ನಾಲ್ಕೈದು ವರ್ಷದ ಹಿಂದೆಯೂ ಇದೇ ಮೇಜಿನಲ್ಲಿ ಕೂತಿದ್ದೆ. ನಡುವೆ ಜಮೀನಿನ ದಾಖಲೆಗಳ ವಿಭಾಗಕ್ಕೆ ಹಾಕಿದ್ದರು. ಅಲ್ಲಿಂದ ತಿರುಗಿ ಇಲ್ಲಿಗೇ ಬಂದಿದ್ದೆ.

ನೋಟೀಸು ಹೋಗಿ ಹತ್ತು ದಿನಕ್ಕೆ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು. ಬಲಗೈ ಮೊಣಕೈಯ ಕೆಳಗೆ ಇರಲಿಲ್ಲ. ಭತ್ತ ಬಡಿಯುವ ಮಷಿನ್ನಿಗೆ ಸಿಕ್ಕಿ ಹೋದದ್ದು ಎಂದು ಮಂಜೂರಾತಿ ಕಡತದಲ್ಲಿ ಆಮೇಲೆ ಓದಿಕೊಂಡೆ. ಎಡಗೈಯಲ್ಲಿ ನಮ್ಮ ನೋಟೀಸಿನ ಮೂರನೆಯ ಪ್ರತಿ ಇತ್ತು. ಬಾಗಿಲಿನಿಂದ ಕಿತ್ತು ತಂದಿದ್ದರಿಂದ ಅದರ ಹಿಂದೆ ಬಣ್ಣದ ಚಕ್ಕೆಗಳು ಅಂಟಿಕೊಂಡಿದ್ದವು.

"ಇದನ್ನ ಬರದೋರು ಯಾರ್ರಿ?" ಎಂದಳು.

"ನಾನ ಬರದದ್ದು. ಏನಾಗ್ಯಾದ?"

"ಅಂಗನವಾಡಿ ಬಾಗಿಲಿಗಿ ಹಚ್ಚ್ಯಾರ್ರಿ. ನಾ ಅಲ್ಲಿ ಆಯಾ ಅದೀನಿ. ನಮ್ಮೂರಾಗ ಓದಾಕ ಬರೋರು ನಾಕು ಮಂದಿ. ಉಳದೋರು ಏನಂತಾರ ಗೊತ್ತೇನ್ರಿ? ಹುಡುಗ್ರ ಹಿಟ್ಟು ಕದ್ದು ಮಾರ್ಯಾಳ, ಸರ್ಕಾರದೋರು ಹಿಡದಾರ ಅಂತಾರ. ಇಪ್ಪತ್ತೆರಡು ಹುಡುಗ್ರು ಬರ್ತಿದ್ವು. ನಿನ್ನಿ ಏಳು ಬಂದಾವ."

ಆಕೆಯ ಊರು ಗೊರೇಬಾಳದಿಂದ ಕಾಲುವೆ ದಂಡೆಯ ಮೇಲೆ ಇನ್ನೂ ಒಳಗೆ ಹೋಗಬೇಕು. ನಾನು ಕಡತ ತೆಗೆದೆ. ಎಂಬತ್ತರ ದಶಕದ ನಡುವಿನಲ್ಲಿ ಆಕೆಗೆ ಅಂಗವಿಕಲರ ಮಾಸಾಶನ ಮಂಜೂರಾಗಿತ್ತು, ತಿಂಗಳಿಗೆ ಐವತ್ತು ರೂಪಾಯಿ. ಅದಾಗಿ ಒಂದು ವರ್ಷಕ್ಕೆ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿದೆ. ಅಲ್ಲಿಗೆ ಮಾಸಾಶನ ನಿಲ್ಲಬೇಕಿತ್ತು. ನಿಂತಿರಲಿಲ್ಲ. ಆಡಿಟ್‌ನವರು ಸಹಾಯಕಿಯರ ಪಟ್ಟಿಯನ್ನೂ ನಮ್ಮ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಆಕೆಯ ಹೆಸರು ಎರಡರಲ್ಲೂ ಸಿಕ್ಕಿತು. ನಲವತ್ತಮೂರು ತಿಂಗಳು, ಎರಡು ಸಾವಿರದ ನೂರೈವತ್ತು ರೂಪಾಯಿ. ‘ಅನರ್ಹ ಪಾವತಿ, ಭೂಕಂದಾಯದ ಬಾಕಿಯಂತೆ ವಸೂಲು ಮಾಡುವುದು’ ಎಂದು ಬರೆದು ಹೋಗಿದ್ದರು. ಆಕೆಗೆ ತಿಂಗಳಿಗೆ ಬರುತ್ತಿದ್ದ ಗೌರವಧನ ನೂರು ಚಿಲ್ಲರೆ.

"ಕಟ್ಟಾಕ ನನ್ನ ಹತ್ರ ಇಲ್ರಿ. ಅಂಗನವಾಡಿ ತಪಾಸಣೆಗೆ ಬರೋ ಮ್ಯಾಲಿನ ಬಾಯೋರು ಹೇಳ್ಯಾರ, ಕಟ್ಟಿದ ರಸೀದಿ ತಾ, ಇಲ್ಲಂದ್ರ ಮಾಫಿ ಆದ ಕಾಗದ ತಾ, ಎರಡೂ ಇಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೇದೋರ್ನ ತಗೋತೀವಿ ಅಂತ."

ನಾನು ಹೇಳಿಕೆ ಬರೆದುಕೊಳ್ಳುವ ಹಾಳೆ ಎಳೆದುಕೊಂಡು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಕೆಲಸ ಸಿಕ್ಕ ಮ್ಯಾಲೆ ಮಾಸಾಶನ ಬ್ಯಾಡ ಅಂತ ಕಚೇರಿಗಿ ಯಾಕ ತಿಳಸಲಿಲ್ಲ?"

ಆಕೆ, ಪಕ್ಕದ ಮೇಜಿನವರು ಎದ್ದು ಹೋಗುವವರೆಗೆ ಕಾದಳು. ಆಮೇಲೆ ಸಣ್ಣ ದನಿಯಲ್ಲಿ, "ತಿಳಿಸಿದ್ನೆಲ್ರಿ. ಇದ ಮೇಜಿಗಿ ಬಂದು ತಿಳಿಸೀನಿ. ನಿಮಗ" ಎಂದಳು.

ಆಗ ನೆನಪಾಯಿತು.

ಮಾಸಾಶನ ಖಜಾನೆಯಿಂದ ಮನಿಯಾರ್ಡರ್ ಮೂಲಕ ಹೋಗುತ್ತಿತ್ತು. ಪಡೆಯುವವರು ಸತ್ತರೆ, ಊರು ಬಿಟ್ಟರೆ ಹಣ ತಿರುಗಿ ಬರುತ್ತಿತ್ತು. ಹಾಗೆ ಬಂದ ಪ್ರತಿಯೊಂದು ಮನಿಯಾರ್ಡರಿಗೂ ಒಂದು ಪುಸ್ತಕದಲ್ಲಿ ನಮೂದು ಮಾಡಬೇಕು, ಚಲನ್ ಬರೆದು ಹಣ ಮತ್ತೆ ಖಜಾನೆಗೆ ಕಟ್ಟಬೇಕು, ತಿಂಗಳ ತಖ್ತೆಯಲ್ಲಿ ಕಾರಣ ತೋರಿಸಬೇಕು. ಐವತ್ತು ರೂಪಾಯಿಗೆ ಅರ್ಧ ದಿನದ ಕೆಲಸ. ಆ ವರ್ಷ ನನ್ನ ಮೇಜಿನ ಮೇಲೆ ಅಂಥವು ಗುಡ್ಡೆ ಬಿದ್ದಿದ್ದವು. ಅದರಲ್ಲಿ ಎರಡು, ‘ಪಡೆಯಲು ನಿರಾಕರಿಸಿದ್ದಾರೆ’ ಎಂದು ಪೋಸ್ಟ್‌ಮನ್ ಬರೆದು ಕಳಿಸಿದವು. ನಿರಾಕರಿಸಿದವರನ್ನು ನಾನು ಆವರೆಗೆ ನೋಡಿರಲಿಲ್ಲ. ಅದೇ ವಾರ ಒಂದೇ ಕೈಯ ಹೆಂಗಸೊಬ್ಬಳು ಬಂದು, ನನಗೆ ಕೆಲಸ ಸಿಕ್ಕಿದೆ, ಇದು ಇನ್ನು ಬೇಡ, ನಿಲ್ಲಿಸಿರಿ ಎಂದಳು. ನಿಲ್ಲಿಸಬೇಕಾದರೆ ನಾನು ಟಿಪ್ಪಣಿ ಬರೆದು ತಹಶೀಲ್ದಾರರ ರುಜು ಮಾಡಿಸಿ ಖಜಾನೆಗೆ ಆದೇಶ ಕಳಿಸಬೇಕಿತ್ತು. "ಬರೋ ರೊಕ್ಕ ಒಲ್ಲೆ ಅಂತೀಯಲ್ಲವ್ವಾ. ತಗೋ. ಆರ್ಡರ್ ಆದ ಮ್ಯಾಲೆ ತಾನ ನಿಲ್ತದ. ಸುಮ್ಮಸುಮ್ಮನ ವಾಪಸ್ ಕಳಿಸಿ ನಮಗ ತ್ರಾಸು ಕೊಡಬ್ಯಾಡ" ಎಂದಿದ್ದೆ. ಆಕೆ ಹೋದಳು. ಟಿಪ್ಪಣಿ ನಾಳೆ ಬರೆಯೋಣ ಎಂದುಕೊಂಡೆ. ಕೆಲ ತಿಂಗಳಿಗೆ ನನ್ನನ್ನು ಜಮೀನು ವಿಭಾಗಕ್ಕೆ ಹಾಕಿದರು.

ಇದೆಲ್ಲ ನೆನಪಾದ ಮೇಲೆ ನಾನು ಆಕೆಗೆ ಹೇಳಿದ್ದು ಇಷ್ಟೇ: "ಒಂದು ಮನ್ನಾ ಅರ್ಜಿ ಬರಿಯೋಣ. ನಾನ ಬರಕೊಡ್ತೀನಿ."

ಆಕೆ ತಲೆಯಾಡಿಸಿದಳು.

ಮನ್ನಾಕ್ಕೆ ನಾನು ಹುಡುಕಿದ ಮೊದಲ ದಾರಿಯಲ್ಲಿ ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಅಂಗನವಾಡಿಯವರಿಗೆ ಸರ್ಕಾರ ಕೊಡುವುದು ಗೌರವಧನ, ಸಂಬಳವಲ್ಲ. ಅವರು ಸರ್ಕಾರಿ ನೌಕರರಲ್ಲ ಎಂದು ಸರ್ಕಾರವೇ ಹೇಳುತ್ತದೆ. ಹಾಗಿದ್ದ ಮೇಲೆ ಆಕೆ ನೌಕರಿಯಲ್ಲಿದ್ದಳು ಎಂಬ ಆಡಿಟ್ ತಕರಾರೇ ನಿಲ್ಲುವುದಿಲ್ಲ. ಎರಡು ದಿನ ಕೂತು ನಾಲ್ಕು ಪುಟ ಬರೆದೆ. ಆಕೆಯ ನೇಮಕದ ಪತ್ರ, ಗೌರವಧನದ ಪಾವತಿ ಪಟ್ಟಿಯ ನಕಲು, ವೈದ್ಯರ ಹಳೆಯ ಪ್ರಮಾಣಪತ್ರ ಲಗತ್ತಿಸಿದೆ. ಆಕೆ ಎಡಗೈಯಲ್ಲಿ ಒಂದೊಂದೇ ಅಕ್ಷರ ಕೂರಿಸಿ ರುಜು ಮಾಡಿದಳು.

ನಮ್ಮ ಶಿರಸ್ತೇದಾರರು ನಿವೃತ್ತಿಗೆ ಹತ್ತಿರವಿದ್ದವರು. ಅರ್ಜಿ ಓದಿ ಕನ್ನಡಕ ತೆಗೆದು, "ಛಲೋ ಬರದೀಪಾ. ವಕೀಲ ಆಗಬೇಕಿತ್ತು ನೀ" ಎಂದರು. ಸ್ವಲ್ಪ ತಡೆದು, "ಹನ್ನೊಂದು ನೋಟೀಸಿನಾಗ ಈ ಒಂದರ ಮ್ಯಾಲೇ ಇಷ್ಟು ಕಾಳಜಿ ಯಾಕ?" ಎಂದು ಕೇಳಿದರು. ಕೈ ಇಲ್ಲದ ಹೆಂಗಸು, ಪಾಪ ಎಂದೆ. ಅವರು ರುಜು ಹಾಕಿದರು. ಅರ್ಜಿ ಲಿಂಗಸುಗೂರಿನ ಮೇಲಿನ ಕಚೇರಿಗೆ ಹೋಯಿತು. ವಸೂಲಿ ಬಿಡಬೇಕೆಂದು ಶಿಫಾರಸು ಮಾಡಬೇಕಾದವರು ಅಲ್ಲಿಯ ಸಾಹೇಬರು. ವಿಚಾರಣೆ ಮುಗಿಯುವ ತನಕ ಜಪ್ತಿಗೆ ಹೋಗಬಾರದೆಂಬ ಒಂದು ಸಾಲಿನ ಪತ್ರ ಬಂತು. ಅದೊಂದು ಸಮಾಧಾನ.

ಆಮೇಲೆ ಓಡಾಟ. ಸಿಂಧನೂರಿನಿಂದ ಲಿಂಗಸುಗೂರಿಗೆ ಮಸ್ಕಿಯ ಮೇಲೆ ಬಸ್ಸು. ವಿಚಾರಣೆಯ ತಾರೀಖು ಇದ್ದ ದಿನ ಆಕೆ ಬೆಳಿಗ್ಗೆ ಗೊರೇಬಾಳಕ್ಕೆ ನಡೆದು ಬಂದು, ಅಲ್ಲಿಂದ ಟೆಂಪೋ ಹಿಡಿದು ಸಿಂಧನೂರಿಗೆ ಬರುತ್ತಿದ್ದಳು. ನಾನು ಕಡತದ ಗಂಟು ಹಿಡಿದು ನಿಂತಿರುತ್ತಿದ್ದೆ. ಬಸ್ಸಿನಲ್ಲಿ ಆಕೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಮೊದಲ ತಾರೀಖಿಗೆ ಸಾಹೇಬರು ನೀರಾವರಿ ಸಭೆಗೆ ಹೋಗಿದ್ದರು. ಎರಡನೆಯದಕ್ಕೆ ನಾವು ಮೂರು ಗಂಟೆವರೆಗೆ ವರಾಂಡದಲ್ಲಿ ಕೂತ ಮೇಲೆ ಜವಾನ ಹೊರಗೆ ಬಂದು ಮುಂದಿನ ತಿಂಗಳ ತಾರೀಖು ಹೇಳಿದ. ಮೂರನೆಯದು ಚುನಾವಣೆ ಕೆಲಸದಲ್ಲಿ ಹೋಯಿತು. ಪ್ರತಿ ಸಲವೂ ಆಕೆಗೆ ಒಂದು ದಿನದ ಗೌರವಧನ ಕಡಿತ, ಬಸ್ಸಿನ ಖರ್ಚು ಬೇರೆ. ನಾನು ಟಿಕೆಟ್ ತೆಗೆಸಲು ಹೋದರೆ ಬೇಡ ಎನ್ನುತ್ತಿದ್ದಳು. ಮಾಸಾಶನವಂತೂ ಆಡಿಟ್ ಆದ ತಿಂಗಳಿಂದಲೇ ನಿಂತಿತ್ತು. ಅದನ್ನು ನಿಲ್ಲಿಸುವ ಟಿಪ್ಪಣಿ ಬರೆಯಲು ನನಗೆ ಹಿಡಿದದ್ದು ಹತ್ತು ನಿಮಿಷ.

ನಾಲ್ಕನೆಯ ತಾರೀಖಿಗೆ ವಿಚಾರಣೆ ಆಯಿತು. ಸಾಹೇಬರು ದಕ್ಷಿಣದ ಕಡೆಯವರು, ಚಿಕ್ಕ ವಯಸ್ಸು. ನನ್ನ ನಾಲ್ಕು ಪುಟಗಳನ್ನು ಪೂರ್ತಿ ಓದಿಕೊಂಡಿದ್ದರು.

"ಗೌರವಧನ ಸಂಬಳ ಅಲ್ಲ ಅನ್ನೋದು ಸರಿ. ಆದರೆ ಮಂಜೂರಾತಿಯ ಷರತ್ತಿನಲ್ಲಿ ಸಂಬಳ ಅಂತ ಬರೆದಿಲ್ಲ. ‘ನಿಯಮಿತ ಆದಾಯ’ ಅಂತ ಬರೆದಿದೆ. ಪ್ರತಿ ತಿಂಗಳು ಬರೋದು ನಿಯಮಿತ ಆದಾಯವೇ ತಾನೇ? ಈ ಕಾರಣದ ಮೇಲೆ ನಾನು ಮನ್ನಾ ಬರೆಯೋಕಾಗಲ್ಲ."

ಎರಡು ದಿನದ ನನ್ನ ಬರವಣಿಗೆ ಅಷ್ಟು ಹೊತ್ತಿನಲ್ಲಿ ಮುಗಿಯಿತು. ಸಾಹೇಬರು ಆಕೆಯ ಕಡೆ ತಿರುಗಿದರು.

"ಹಣ ಪಡೆದವರ ತಪ್ಪು ಏನೂ ಇಲ್ಲ ಅಂತ ಸಾಬೀತಾದರೆ ಬರೆಯಬಹುದು. ಕೆಲಸ ಸಿಕ್ಕಿದ್ದನ್ನ ನೀವು ಕಚೇರಿಗೆ ತಿಳಿಸಿದ್ರಾ?"

"ತಿಳಿಸೀನ್ರಿ."

"ಯಾರಿಗೆ?"

ಆಕೆ ನೆಲ ನೋಡುತ್ತ ನಿಂತಳು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ.

"ನೆನಪಿಲ್ರಿ."

"ನೆನಪಿಲ್ಲ ಅಂದ್ರೆ ಹೇಗಮ್ಮಾ? ಕಚೇರಿಯವರು ಏನಂತೀರಿ?"

ಪ್ರಶ್ನೆ ನನಗೆ. ಎದ್ದು ನಿಂತು, "ಕಡತದಾಗ ಅಂಥ ಕಾಗದ ಯಾವುದೂ ಇಲ್ಲ ಸರ್" ಎಂದೆ. ಆ ಮಾತು ಸುಳ್ಳಲ್ಲ. ಅಂಥ ಕಾಗದ ಕಡತದಲ್ಲಿ ಇರಲಿಲ್ಲ. ಸಾಹೇಬರು ಅದನ್ನು ಹಾಗೆಯೇ ಬರೆದುಕೊಂಡರು. ತಿಳಿಸಿದ್ದಕ್ಕೆ ಪುರಾವೆ ತರಲು ಆರು ವಾರ, ಅದು ಕೊನೆಯ ಅವಕಾಶ ಎಂದರು.

ತಿರುಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಚಹಾ ಕುಡಿದಾದ ಮೇಲೆ ನಾನೇ ಕೇಳಿದೆ.

"ನನ್ನ ಹೆಸರು ಯಾಕ ಹೇಳಲಿಲ್ಲಕ್ಕಾ?"

ಆಕೆ ಸಿಟ್ಟು ಮಾಡಿಕೊಳ್ಳಲಿಲ್ಲ. "ಹೇಳಿದ್ರ ನಿಮ್ಮನ್ನ ಆ ಮೇಜಿನಿಂದ ತಗೀತಾರ. ಆ ಜಾಗಾಕ್ಕ ಬ್ಯಾರೇದೋರು ಬರ್ತಾರ. ಅವ್ರಿಗಿ ನಾ ಎಲ್ಲಾ ಮದ್ಲಿಂದ ಹೇಳಬೇಕು. ಅವ್ರು ನಂಬ್ತಾರೋ ಇಲ್ಲೋ. ನಿಮಗಾದ್ರ ಖರೇ ಗೊತ್ತೈತಿ. ಖರೇ ಗೊತ್ತಿದ್ದೋರು ಒಬ್ರರ ಕಡತ ಹಿಡಕೊಂಡು ಇರ್ಲಿ ಅಂತ" ಎಂದಳು. ಆಮೇಲೆ, "ನೀವ ಹೇಳ್ತೀರಿ ಅನಕೊಂಡಿದ್ದೆ" ಎಂದಳು.

ಬಸ್ಸು ಬಂತು. ಆಕೆ ಹೆಂಗಸರ ಸೀಟಿಗೆ ಹೋದಳು, ನಾನು ಹಿಂದೆ ಕೂತೆ.

ಆಗಲೂ ನಾನು ಹುಡುಕಿದ್ದು ಕಾಗದವನ್ನೇ. ತಿರುಗಿ ಬಂದ ಮನಿಯಾರ್ಡರ್‌ಗಳ ಪುಸ್ತಕ ಸಿಕ್ಕರೆ, ಅದರಲ್ಲಿ ಆ ಎರಡರ ನಮೂದು ಇದ್ದರೆ, ಆಕೆ ನಿರಾಕರಿಸಿದ್ದು ದಾಖಲೆಯಿಂದಲೇ ತಿಳಿಯುತ್ತದೆ, ನಾನು ಬಾಯಿ ತೆರೆಯುವ ಅಗತ್ಯ ಬೀಳುವುದಿಲ್ಲ ಎಂಬ ಆಸೆ. ಮೂರು ದಿನ ದಾಖಲೆ ಕೋಣೆಯಲ್ಲಿ ಗಂಟು ಬಿಚ್ಚಿದೆ. ಪುಸ್ತಕ ಚೆನ್ನಾಗಿಯೇ ಇತ್ತು. ನನ್ನದೇ ಅಕ್ಷರ, ಸಾಲು ನಂಬರು, ಹೆಸರು, ಕಾರಣ, ಚಲನ್ ತಾರೀಖು. ಆಕೆ ನಿರಾಕರಿಸಿದ ವರ್ಷದ ಆಷಾಢದ ಹೊತ್ತಿಗೆ ನಮೂದು ನಿಂತುಹೋಗಿತ್ತು. ಅಲ್ಲಿಂದ ಮುಂದೆ ಹದಿನೆಂಟು ಪುಟ ಖಾಲಿ. ಮುಂದಿನ ಗುಮಾಸ್ತ ಹೊಸ ಪುಟದಿಂದ ಶುರುಮಾಡಿದ್ದ. ಆ ಗುಡ್ಡೆಯನ್ನು ನಾನು ಪುಸ್ತಕಕ್ಕೆ ಹತ್ತಿಸದೆ ಒಟ್ಟಿಗೇ ಒಂದೇ ಚಲನ್ನಿನಲ್ಲಿ ಕಟ್ಟಿ ಕೈತೊಳೆದುಕೊಂಡಿದ್ದೆ. ಚಲನ್ನಿನಲ್ಲಿ ಮೊತ್ತವಿತ್ತು, ಹೆಸರುಗಳಿರಲಿಲ್ಲ. ಅಂಚೆ ಕಚೇರಿಯಲ್ಲಿ ಕೇಳಿದರೆ ಅಷ್ಟು ಹಳೆಯ ಕಾಗದ ಇಟ್ಟುಕೊಳ್ಳುವುದಿಲ್ಲ ಎಂದರು. ಆ ಹಳ್ಳಿಗೆ ಹೋಗುತ್ತಿದ್ದ ಪೋಸ್ಟ್‌ಮನ್ ನಿವೃತ್ತರಾಗಿ ಮಸ್ಕಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಮಾತ್ರ ತಿಳಿಯಿತು.

ಭಾನುವಾರ ಮಸ್ಕಿಗೆ ಹೋದೆ. ಅವರು ಗುಡ್ಡದ ಬದಿಯ ಓಣಿಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಹೆಸರು ಹೇಳುತ್ತಿದ್ದಂತೆ ಗುರುತು ಹಿಡಿದರು.

"ಒಂಟಿಗೈ ಆಯಮ್ಮ. ಆಕೀನ್ನ ಮರಿಯಾಕ ಆಗ್ತದೇನ್ರಿ? ಮೂವತ್ತು ವರ್ಷ ಮನಿಯಾರ್ಡರ್ ಹಂಚೀನಿ, ರೊಕ್ಕ ಒಲ್ಲೆ ಅಂದಾಕಿ ಆಕಿ ಒಬ್ಬಾಕಿ. ಎರಡು ಸಲ ವಾಪಸ್ ಕಳಿಸೀನಿ."

"ಮೂರನೇ ಸಲ?"

"ಮೂರನೇ ಸಲ ಕೈ ಚಾಚಿದ್ಲು. ಯಾಕಬೇ, ಮನಸು ಬದಲಾತೇನು ಅಂದೆ. ‘ಆಫೀಸಿನಾಗ ತಗೋ ಅಂದಾರಣ್ಣ’ ಅಂದ್ಲು. ಯಾರು ಅಂದ್ರು ಅಂತ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ."

ಇದನ್ನು ಬರೆದುಕೊಡುತ್ತೀರಾ ಎಂದೆ. ಅವರು ಬೀಜ ತೆಗೆದ ಹುಣಸೆಯನ್ನು ಮೊರಕ್ಕೆ ಹಾಕಿ ಕೈ ಒರೆಸಿಕೊಂಡರು.

"ಬರಕೊಡ್ತೀನಿ. ಆದ್ರ ನಂದು ಅರ್ಧಾನ ಆಗ್ತದ ನೋಡ್ರಿ. ಮದ್ಲ ಬ್ಯಾಡ ಅಂದ್ಲು, ಆಮ್ಯಾಲ ತಗೊಂಡ್ಲು. ನಾ ಕಂಡದ್ದು ಇಷ್ಟ. ಆಸೆಬುರುಕಿ, ಮನಸು ತಿರುಗಿತು ಅಂತಾರ ಸಾಹೇಬ್ರು. ತಗೋ ಅಂದಾವ ಯಾರಾದಾನ, ಅಂವ ಬರದ್ರ ಪೂರ್ತಿ ಆಗ್ತದ."

ನನ್ನ ಮುಖ ನೋಡಿ ಹೇಳಿದರೋ, ಸುಮ್ಮನೆ ಹೇಳಿದರೋ ನನಗೆ ತಿಳಿಯಲಿಲ್ಲ. ಅವರ ಹೇಳಿಕೆ ಬರೆದುಕೊಂಡು, ರುಜು ಮಾಡಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಸಿಂಧನೂರಿನ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ನನಗೆ ಆಗ ಹದಿನಾಲ್ಕು ವರ್ಷದ ಸರ್ವಿಸು. ಬಡ್ತಿಯ ಪಟ್ಟಿಯಲ್ಲಿ ಆ ವರ್ಷ ಹೆಸರು ಬರುವುದಿತ್ತು. ಇಷ್ಟು ದಿನ ನಾನು ದಣಿದಿದ್ದು ಆಕೆಯ ಕೆಲಸಕ್ಕಾಗಿ ಎಂದುಕೊಂಡಿದ್ದೆ. ಅದರಲ್ಲಿ ಮುಕ್ಕಾಲು ಪಾಲು ನನ್ನ ಹೆಸರು ಹೊರಬೀಳದಂತೆ ನೋಡಿಕೊಳ್ಳುವ ಕೆಲಸ ಎಂಬುದು ಆ ಬೆಂಚಿನ ಮೇಲೆ ಕೂತಾಗ ತಿಳಿಯಿತು. ಮೂರನೆಯ ಬಸ್ಸು ಹತ್ತಿದೆ. ಮರುದಿನ ಹೇಳಿಕೆ ಬರೆದೆ. ಒಂದೇ ಪುಟ.

ಶಿರಸ್ತೇದಾರರು ಅದನ್ನು ಎರಡು ಸಲ ಓದಿದರು. ಬಾಗಿಲು ಮುಚ್ಚಿ ಬರಲು ಹೇಳಿದರು.

"ಕೈ ಇಲ್ಲದ ಹೆಂಗಸು ಪಾಪ ಅಂದಿದ್ದಿ. ಇದಾ ಏನು?"

"ಹೌದ್ರಿ."

"ವಸೂಲಿ ನಿನ್ನ ಮ್ಯಾಲ ಬರ್ತದ. ಬಡ್ತಿ ಹೋಗ್ತದ. ತಿಳಿದ ಮಾಡಾಕತ್ತೀಯೇನು?"

ಅವರು ಪೆನ್ಸಿಲ್ ತೆಗೆದು ನನ್ನ ಒಂದು ಸಾಲಿನ ಕೆಳಗೆ ಗೆರೆ ಎಳೆದರು. "‘ಪಡೆದುಕೊಳ್ಳುವಂತೆ ನಾನೇ ಹೇಳಿದೆ’ ಅಂತ ಬರದೀ. ‘ಪಡೆದುಕೊಳ್ಳುವಂತೆ ಕಚೇರಿಯಿಂದ ತಿಳಿಸಲಾಗಿತ್ತು’ ಅಂತ ಬರಿ. ಆಕೀ ಕೆಲಸಾನೂ ಆಗಬಹುದು, ನೀನೂ ಉಳಿಬಹುದು. ಮೂವತ್ತು ವರ್ಷ ನಾ ಹಂಗ ಬರಕೊಂಡ ಬಂದೀನಿ."

ಅವರದು ಕೆಟ್ಟ ಬುದ್ಧಿಯಲ್ಲ. ನನ್ನ ಮಕ್ಕಳ ವಯಸ್ಸು ಅವರಿಗೆ ಗೊತ್ತಿತ್ತು. ಅವರು ಹೇಳಿದ ಹಾಗೆ ಇನ್ನೊಂದು ಹೇಳಿಕೆ ಬರೆದೆ. ಎರಡನ್ನೂ ಕಡತದಲ್ಲಿಟ್ಟುಕೊಂಡು ಲಿಂಗಸುಗೂರಿಗೆ ಹೋದೆ. ಯಾವುದನ್ನು ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ನನಗೇ ಗೊತ್ತಿರಲಿಲ್ಲ.

ಸಾಹೇಬರು ಪೋಸ್ಟ್‌ಮನ್‌ರ ಹೇಳಿಕೆ ಓದಿದರು. ಪೋಸ್ಟ್‌ಮನ್‌ರು ಮಸ್ಕಿಯಲ್ಲಿ ಊಹಿಸಿದಂತೆಯೇ ಪ್ರಶ್ನೆ ಬಂತು.

"ಮೊದಲು ನಿರಾಕರಿಸಿದ್ದು ಸರಿಯಮ್ಮಾ. ಆಮೇಲೆ ಯಾಕೆ ತಗೊಂಡ್ರಿ?"

"ಆಫೀಸಿನಾಗ ತಗೋ ಅಂದ್ರು ರೀ."

"ಯಾರು ಅಂದದ್ದು? ಈಗಲಾದರೂ ನೆನಪಾಯ್ತಾ?"

ಆಕೆ ಈ ಸಲ ನೆಲ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಸಾಹೇಬರ ಹಿಂದಿನ ಕಿಟಕಿ ನೋಡುತ್ತ, "ಇಲ್ರಿ" ಎಂದಳು.

ಹೋದ ಸಲ ನೆನಪಿಲ್ಲ ಎಂದಾಗ ಆಕೆಗೆ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಅಂದು ಕೊನೆಯ ತಾರೀಖು. ಅದು ಗೊತ್ತಿದ್ದೂ ಆಕೆ ಇಲ್ಲ ಎಂದಳು. ನಾನು ಎದ್ದು ಮೊದಲು ಬರೆದ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ಇನ್ನೊಂದು ಕಡತದಲ್ಲೇ ಉಳಿಯಿತು.

ಸಾಹೇಬರು ಓದಿ ಮುಗಿಸಿದರು. "ಇದನ್ನ ನಾನು ತಗೊಂಡರೆ ನಿಮ್ಮ ಮೇಲೆ ಕ್ರಮ ಆಗುತ್ತೆ."

"ಗೊತ್ತದ ಸರ್."

"ಹೋದ ಸಲ ಇದೇ ಜಾಗದಲ್ಲಿ ನಿಂತು ಕಡತದಲ್ಲಿ ಏನೂ ಇಲ್ಲ ಅಂದ್ರಲ್ಲ. ಆಗ ಯಾಕೆ ಹೇಳಲಿಲ್ಲ?"

"ಹೆದರಿದ್ದೆ ಸರ್."

ಅವರು ಅದನ್ನೂ ಬರೆದುಕೊಂಡರು. ಓದಿ ಹೇಳಿ ರುಜು ಹಾಕಿಸಿದರು. ಆಕೆ ತನ್ನ ಕಡೆಯ ರುಜು ಮಾಡುವಾಗ ಹಾಳೆ ಜಾರದಂತೆ ಜವಾನ ಹಿಡಿದುಕೊಂಡ. ಬಸ್ ನಿಲ್ದಾಣದಲ್ಲಿ ನಾನು ಟಿಕೆಟ್ ತೆಗೆಸಿದೆ. ಆ ದಿನ ಬೇಡ ಎನ್ನಲಿಲ್ಲ.

ಆದೇಶ ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಕಡತ ರಾಯಚೂರಿಗೆ ಹೋಗಿ, ಒಂದು ತಕರಾರು ಹಾಕಿಸಿಕೊಂಡು ಲಿಂಗಸುಗೂರಿಗೆ ಬಂದು, ಮತ್ತೆ ಹೋಯಿತು. ಆ ತಿಂಗಳುಗಳಲ್ಲಿ ಆಕೆಯ ಕೆಲಸ ಉಳಿದದ್ದು ‘ಪ್ರಕರಣ ವಿಚಾರಣೆಯಲ್ಲಿದೆ’ ಎಂದು ನಾನು ಪ್ರತಿ ತಿಂಗಳು ಬರೆದುಕೊಡುತ್ತಿದ್ದ ಪತ್ರದ ಮೇಲೆ. ಹಣ ಪಡೆದವರು ನಿರ್ದೋಷಿ, ಅವರಿಂದ ವಸೂಲಾತಿಯನ್ನು ಮನ್ನಾ ಮಾಡಲಾಗಿದೆ, ಸದರಿ ಮೊತ್ತವನ್ನು ಕರ್ತವ್ಯಲೋಪ ಎಸಗಿದ ಗುಮಾಸ್ತರ ಸಂಬಳದಿಂದ ಕಂತುಗಳಲ್ಲಿ ಕಡಿತ ಮಾಡುವುದು ಎಂದು ಆದೇಶ. ಅದರ ಕೆಳಗೆ ನನ್ನ ಹೆಸರು, ಹುದ್ದೆ. ವಾರ್ಷಿಕ ವೇತನ ಬಡ್ತಿ ಒಂದನ್ನು ತಡೆದದ್ದು ಬೇರೆ ಕಾಗದದಲ್ಲಿ ಬಂತು. ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ: "ಎಷ್ಟು ತಿಂಗಳು ಹಿಡೀತಾರ?" ಎರಡು ವರ್ಷ ಎಂದೆ. ಆಕೆ ಹಾಲಿನವನಿಗೆ ಮರುದಿನದಿಂದ ಅರ್ಧ ಲೀಟರ್ ಸಾಕು ಎಂದು ಹೇಳಿದಳು.

ಆದೇಶದ ಪ್ರತಿಯನ್ನು ಗ್ರಾಮಲೆಕ್ಕಿಗರ ಕೈಯಲ್ಲಿ ಕಳಿಸುವುದು ಪದ್ಧತಿ. ನಾನೇ ತೆಗೆದುಕೊಂಡು ಹೋದೆ. ಶನಿವಾರ ಸಂಜೆ. ಗೊರೇಬಾಳದಿಂದ ಸೈಕಲ್ ಬಾಡಿಗೆಗೆ ಹಿಡಿದೆ. ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ನಾಟಿ ನಡೆದಿತ್ತು. ಆಕೆ ಅಂಗನವಾಡಿಯ ಮುಂದೆ ಕಸ ಗುಡಿಸುತ್ತಿದ್ದಳು. ಕಾಗದ ಕೈಗೆ ಕೊಟ್ಟೆ. ನಿಂತಲ್ಲೇ ನಿಧಾನವಾಗಿ ಪೂರ್ತಿ ಓದಿದಳು. ಮಡಚಿ ಇಟ್ಟುಕೊಳ್ಳುತ್ತಾಳೆ ಎಂದುಕೊಂಡೆ. ತಿರುಗಿ ನನ್ನ ಕೈಗೇ ಕೊಟ್ಟಳು.

"ನಾ ಓದಿದ್ರ ಇಲ್ಲಿ ಯಾರು ನಂಬ್ತಾರ್ರಿ? ನೀವು ಆಫೀಸಿನೋರು. ನಳದ ಕಟ್ಟಿಗಿ ಬರ್ರಿ. ಎಲ್ಲರೂ ನೀರಿಗಿ ಬಂದಾರ. ಜೋರಾಗಿ ಓದ್ರಿ."

ಆಕೆಯ ಹಿಂದೆ ಹೋದೆ. ನಳದ ಬಳಿ ಹದಿನೈದು ಇಪ್ಪತ್ತು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಓದಿದೆ. ‘ಸದರಿ ಫಲಾನುಭವಿ’ ‘ಮೇಲ್ಕಂಡ ಕಾರಣಗಳಿಂದಾಗಿ’ ಎಂದೆಲ್ಲ ಓದುತ್ತಿದ್ದಂತೆ ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು, "ತಿಳಿಯಂಗ ಹೇಳಪಾ. ಈಕಿ ಕದ್ದಾಳೋ ಇಲ್ಲೋ?" ಎಂದಳು.

"ಕದ್ದಿಲ್ಲಬೇ" ಎಂದೆ. "ಹುಡುಗ್ರ ಹಿಟ್ಟಿಂದು ಮಾತಾ ಅಲ್ಲ ಇದು. ಸರ್ಕಾರ ಈಕಿಗಿ ತಿಂಗಳಾ ಐವತ್ತು ರೂಪಾಯಿ ಕೊಡ್ತಿತ್ತು. ಕೆಲಸ ಸಿಕ್ಕ ಮ್ಯಾಲೆ ಈಕಿನ ಆಫೀಸಿಗಿ ಬಂದು, ಇನ್ನ ಬ್ಯಾಡ ನಿಲ್ಲಸ್ರಿ ಅಂದ್ಲು. ಅಲ್ಲಿದ್ದ ಗುಮಾಸ್ತ ನಿಲ್ಲಸಲಿಲ್ಲ. ಸುಮ್ಮನ ತಗೋ ಅಂದ. ತಪ್ಪು ಅವಂದು. ಈಕಿ ಒಂದು ಪೈಸಾ ಕಟ್ಟೂದಿಲ್ಲ."

"ಯಾವ ಭಾಡ್ಯಾ ಅಂವ?" ಎಂದಳು ಮುದುಕಿ.

ನಳದ ಕೆಳಗಿನ ಕೊಡ ತುಂಬಿ ಹರಿಯುತ್ತಿತ್ತು. ಯಾರೂ ಅದನ್ನು ಸರಿಸಲಿಲ್ಲ.

"ನಾನಬೇ" ಎಂದೆ.

ಮುದುಕಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಮದ್ಲ ಹೇಳಾಕ ಏನಾಗಿತ್ತೋ ತಮ್ಮಾ?" ಎಂದಳು.

ಆಯಾ ಮುಂದೆ ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಎದೆಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದಳು. ನನ್ನ ಕಡೆ ನೋಡದೆ, ನಳದ ಸುತ್ತ ನಿಂತವರಿಗೆ, "ಕೇಳಿದ್ರಿಲ್ಲ? ಸೋಮಾರದಿಂದ ಹುಡುಗ್ರನ್ನ ಕಳಸ್ರಿ. ಹೊಸಾ ಹಿಟ್ಟು ಬಂದೈತಿ" ಎಂದಳು.

ಬಗಲಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬಳು ತನ್ನ ಕೊಡ ನಳದ ಕೆಳಗೆ ದೂಡುತ್ತ, "ಕಳಸ್ತೀನಿ ತಗೋ ಯಕ್ಕಾ" ಎಂದಳು.